ಲೇತ್ ಮಾಸ್ತರ ಕಾರಿಗೆ ಬೆಲೆ ಕಟ್ಟಿದ್ದು

ಮೊದಲೇ ಹೇಳಿಬಿಡ್ತೀನಿ. ಇದರಲ್ಲಿ ಹಿಂದುಮುಂದಾದ ಪಾದ ಇಲ್ಲ, ಬಿಚ್ಚಿದ ಕೂದಲಿಲ್ಲ, ಉರಿಯೋ ಕಣ್ಣೂ ಇಲ್ಲ. ಅದೆಲ್ಲ ಬೇಕಾದವರು ಈಗಲೇ ಎದ್ದು ಹೋಗಿ ಮಲಗಬಹುದು. ಇದರಲ್ಲಿರೋದು ಬರೀ ಸದ್ದು. ಆದರೆ ಆ ಸದ್ದು ಕೇಳಿದವರು ನಮ್ಮ ಭಾವ, ಅಂದರೆ ನಮ್ಮಕ್ಕನ ಗಂಡ. ಬೇರೆ ಯಾವುದರಲ್ಲಿ ಅವರನ್ನು ನಂಬದೇ ಇದ್ದರೂ ಸದ್ದಿನ ವಿಷಯದಲ್ಲಿ ಅವರ ಕಿವಿಯನ್ನು ನಂಬದವರು ಯಾರೂ ಇರಲಿಲ್ಲ.

ಅವತ್ತು ರಾತ್ರಿ ಒಂಬತ್ತೂವರೆ ಇರಬೇಕು. ಭಾವ ಒಬ್ಬರೇ ನಡೆದು ಬರುತ್ತಿದ್ದರು. ಕಾರ್ಖಾನೆಗಳ ಹಿಂದಿನ ಓಣಿ. ಎರಡೂ ಕಡೆ ಎತ್ತರದ ಇಟ್ಟಿಗೆ ಗೋಡೆ, ಇಡೀ ಓಣಿಗೆ ಒಂದೇ ಬೀದಿ ದೀಪ, ಅದೂ ಮನಸ್ಸು ಬಂದಾಗ ಉರಿಯೋದು. ತಿರುವಿನಲ್ಲಿ ಒಂದು ಪಾಳು ಬಾವಿ. ಅದರಲ್ಲಿ ನೀರು ಸೇದೋದು ನಿಂತು ಯಾವ ಕಾಲವೋ ಆಗಿತ್ತು. ಯಾರೂ ಬೀಳದಿರಲಿ ಅಂತ ಬಾವಿಯ ಬಾಯಿಗೆ ದಪ್ಪ ತಗಡು ಮುಚ್ಚಿ, ಸುತ್ತ ಸಿಮೆಂಟ್ ಮೆತ್ತಿದ್ದರು.

ಭಾವ ಬಾವಿ ದಾಟಿದರು. ಹತ್ತು ಹೆಜ್ಜೆ ಹೋಗಿರಬೇಕು...

ಟಣ್.

ನಿಂತರು.

ಬೇರೆ ಯಾರಾದರೂ ಆಗಿದ್ದರೆ ಬೆಕ್ಕು ಹಾರಿತು, ಕಲ್ಲು ಬಿತ್ತು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಭಾವನಿಗೆ ಆ ಪುಣ್ಯ ಇಲ್ಲ. ಕಲ್ಲು ಬಿದ್ದರೆ ಒಂದೆರಡು ಸಲ ಪುಟಿಯುತ್ತೆ. ಬೆಕ್ಕು ಹಾರಿದರೆ ಸದ್ದು ಮೆತ್ತಗಿರುತ್ತೆ. ಇದು ಬೆರಳಿನ ಗೆಣ್ಣು. ನಡುಬೆರಳು ಮಡಚಿ, ಮಣಿಕಟ್ಟು ಸಡಿಲ ಬಿಟ್ಟು, ಒಂದೇ ಒಂದು ಸಲ ಬಡಿದದ್ದು. ಅವರೇ ದಿನಾ ಬಡಿಯೋ ರೀತಿ.

ಉಸಿರು ಹಿಡಿದು ಕೇಳಿದರು.

ಟಣ್... ಟಣ್... ಟಣ್.

ತಗಡಿನ ಮೇಲಿಂದ ಬಡಿದರೆ ಸದ್ದು ಬಯಲಿಗೆ ಹರಡುತ್ತೆ. ಇದು ಮೊದಲು ಕೆಳಗೆ ಇಳಿದು, ಒಳಗೇ ಸುತ್ತಿ, ಆಮೇಲೆ ಹೊರಗೆ ಬರುತ್ತಿತ್ತು. ಬಡಿದವರು ಇದ್ದದ್ದು ತಗಡಿನ ಕೆಳಗೆ.

ಇಷ್ಟಾದರೂ ಭಾವನ ತಲೆಗೆ ಹೊಳೆದ ಮೊದಲ ಮಾತು ಏನು ಗೊತ್ತಾ? ‘ತುಕ್ಕು ಹಿಡಿದಿಲ್ಲ, ಒಳ್ಳೇ ಮಾಲು.’ ಕಸುಬು ಅಂದರೆ ಹಾಗೆ, ಪ್ರಾಣ ಹೋಗೋ ಹೊತ್ತಲ್ಲೂ ಬಿಡಲ್ಲ. ಅಲ್ಲಿಂದ ಓಡಿದಿರಾ ಅಂತ ಕೇಳಿದರೆ ಇಲ್ಲ, ಸ್ವಲ್ಪ ಬೇಗ ನಡೆದೆ ಅಂತಾರೆ. ಅಕ್ಕ ಹೇಳೋ ಪ್ರಕಾರ ಆ ರಾತ್ರಿ ಮನೆಗೆ ಬಂದದ್ದು ಒಂದೇ ಚಪ್ಪಲಿ.

ಆ ಸಂಜೆ ಅವರು ಎಲ್ಲಿಗೆ ಹೋಗಿದ್ದರು, ಏನು ಮಾಡಿ ಬಂದಿದ್ದರು ಅನ್ನೋದನ್ನ ಈಗ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ.

ಭಾವನ ಕೆಲಸ ಹಳೇ ಕಾರುಗಳಿಗೆ ಬೆಲೆ ಹೇಳೋದು. ಹಳೇ ಅಂದರೆ ನಮ್ಮ ನಿಮ್ಮ ಹಳೇದಲ್ಲ, ಅಜ್ಜಂದಿರ ಕಾಲದ್ದು. ಉದ್ದ ಮೂಗು, ದುಂಡನೆ ದೀಪ, ಇಳಿಜಾರು ಬೆನ್ನು. ಅಂಥದ್ದನ್ನ ಕೊಳ್ಳೋರು, ಮಾರೋರು ಇಬ್ಬರೂ ಭಾವನನ್ನು ಕರೆಯುತ್ತಿದ್ದರು. ಭಾವ ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಚಾಲಕನ ಕಡೆಯ ಮುಂದಿನ ಮಡ್‌ಗಾರ್ಡಿನಿಂದ ಶುರು. ಆಮೇಲೆ ಬಾಗಿಲು, ಹಿಂದಿನ ಮಡ್‌ಗಾರ್ಡ್, ಡಿಕ್ಕಿ, ಆ ಕಡೆಯ ಮೈ, ಎಲ್ಲ ಮುಗಿದ ಮೇಲೆ ಬಾನೆಟ್. ಒಂದೊಂದು ಕಡೆಯೂ ಗೆಣ್ಣಿನಿಂದ ಒಂದು ಬಡಿತ. ಸದ್ದು ಪೂರ್ತಿ ಸಾಯೋವರೆಗೆ ಕಾದು ಮುಂದಿನದು. ಅನುಮಾನ ಬಂದ ಕಡೆ ಮೂರು ಸಲ. ಒಳಗೆ ಸಾಚಾ ತಗಡಿದ್ದರೆ ‘ಟಣ್ಣ್’ ಅಂತ ಬಾಲ ಎಳೆಯುತ್ತೆ. ತುಕ್ಕು ತಿಂದು ತೂತಾದ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ‘ದಬ್’ ಅನ್ನುತ್ತೆ, ಬಾಲ ಇರಲ್ಲ. ದಬ್ ಅಂದ ಕಡೆ ಭಾವ ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದು ಸೊನ್ನೆ ಬರೆಯುತ್ತಿದ್ದರು. ಬಂದವರು ಸೊನ್ನೆ ಎಣಿಸಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದರು. ಆ ಸೊನ್ನೆಯ ಮುಂದೆ ಎದುರು ಮಾತು ಇರಲಿಲ್ಲ. ಜನ ಅವರಿಗೆ ‘ಟಣಟಣ’ ಅಂತಲೇ ಹೆಸರಿಟ್ಟಿದ್ದರು.

ಅವರದ್ದೊಂದು ನೇಮ ಇತ್ತು. ತಾನು ಬೆಲೆ ಹೇಳಿದ ಗಾಡಿಯನ್ನು ತಾನು ಕೊಳ್ಳೋದಿಲ್ಲ. ಮೂವತ್ತು ವರ್ಷ ಊರಿನವರ ಗಾಡಿ ತಟ್ಟಿದ ಮನುಷ್ಯ ಸ್ವಂತಕ್ಕೆ ಒಂದು ಚಕ್ರವನ್ನೂ ಇಟ್ಟುಕೊಂಡಿರಲಿಲ್ಲ. ಎಲ್ಲಿಗೆ ಹೋದರೂ ಕಾಲ್ನಡಿಗೆ.

ಅವತ್ತು ಕರೆದದ್ದು ಲೇತ್ ಮಾಸ್ತರ ಹೆಂಡತಿ. ಮಾಸ್ತರು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯೋ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವರು, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದರು. ಹನ್ನೊಂದು ವರ್ಷದಿಂದ ಮನೆ ಪಕ್ಕದ ಶೆಡ್ಡಿನಲ್ಲಿ ಒಂದು ಹಳೇ ಕಾರನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕೂಡಿಸುತ್ತಾ ಇದ್ದರು. ಪೂರ್ತಿ ಆಗೋ ಮೊದಲೇ ಹೋದರು. ಈಗ ಮನೆ ಓನರ್ ತಿಂಗಳ ಕೊನೆಗೆ ಜಾಗ ಬಿಡಿ ಅಂದಿದ್ದ. ಮಾಸ್ತರ ಹೆಂಡತಿಗೆ ಮಕ್ಕಳಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗದಲ್ಲಿ ನಿಂತೂ ನಿಂತೂ ಮಂಡಿ ಹೋಗಿತ್ತು. ಮೆಟ್ಟಿಲಿಲ್ಲದ ಒಂದು ಕೋಣೆ ನೋಡಿಟ್ಟಿದ್ದರು, ಸಣ್ಣ ಅಡುಗೆಮನೆ ಸಮೇತ. ನಾಲ್ಕು ಲಕ್ಷ ಕೊಟ್ಟರೆ ಅದು ಅವರದ್ದು. ಇಲ್ಲದಿದ್ದರೆ ನಾದಿನಿ ಮಗನ ಮನೆಯ ಮೂಲೆ.

ಆದರೆ ಅದನ್ನ ಅವರು ಭಾವನಿಗೆ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟೇ: "ನನಗೆಷ್ಟು ಬೇಕು ಅಂತ ಕೇಳಬೇಡಿ ಅಣ್ಣ. ಅದಕ್ಕೂ ಗಾಡಿಗೂ ಸಂಬಂಧ ಇಲ್ಲ. ಗಾಡಿ ಎಷ್ಟು ಬಾಳುತ್ತೋ ಅಷ್ಟು ಹೇಳಿ."

ಶೆಡ್ಡಿನಲ್ಲಿ ಒಂದು ಬಲ್ಬು. ಅದರ ಕೆಳಗೆ ಗಾಡಿ. ಮೈಗೆಲ್ಲ ಬೂದು ಬಣ್ಣದ ಪ್ರೈಮರ್, ಮೇಲಿನ ಬಣ್ಣ ಇನ್ನೂ ಬಿದ್ದಿಲ್ಲ. ಇಂಜಿನ್ ಮೇಜಿನ ಮೇಲೆ. ಸೀಟಿನ ಜಾಗದಲ್ಲಿ ಒಂದು ಮರದ ಸ್ಟೂಲು. ವೈರುಗಳೆಲ್ಲ ಇಳಿಬಿದ್ದಿದ್ದವು, ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ ಮಾಸ್ತರು ನಂಬರ್ ಬರೆದಿದ್ದರು. ಬಾನೆಟ್ ಬಿಚ್ಚಿ ಗೋಡೆಗೆ ನೇತುಹಾಕಿದ್ದರು.

ಭಾವ ಮುಂದಿನ ಮಡ್‌ಗಾರ್ಡ್ ತಟ್ಟಿದರು.

ಟಣ್ಣ್ಣ್...

ಆ ಸದ್ದು ಶೆಡ್ಡಿನಲ್ಲಿ ಎಷ್ಟು ಹೊತ್ತು ನಿಂತಿತು ಅಂದರೆ ಭಾವನಿಗೆ ಮುಂದಿನ ಹೆಜ್ಜೆ ಇಡೋದು ಮರೆತುಹೋಯಿತು. ಬಾಗಿಲು ತಟ್ಟಿದರು. ಅದೂ ಹಾಗೇ. ಹಿಂದಿನ ಮಡ್‌ಗಾರ್ಡ್, ಡಿಕ್ಕಿ, ಗಾಲಿ ಮೇಲಿನ ತಿರುವು, ಎಲ್ಲಿ ತಟ್ಟಿದರೂ ಅದೇ. ತುಕ್ಕು ತಿಂದ ಕಡೆಯನ್ನೆಲ್ಲ ಮಾಸ್ತರು ಕತ್ತರಿಸಿ ತೆಗೆದು, ಹೊಸ ತಗಡು ಬಡಿದು ಬಗ್ಗಿಸಿ, ಬೆಸುಗೆ ಹಾಕಿ, ಬೆಸುಗೆ ಕಾಣದ ಹಾಗೆ ಉಜ್ಜಿದ್ದರು. ಚಮಚೆಯಷ್ಟು ಪುಟ್ಟಿ ಎಲ್ಲೂ ಇಲ್ಲ. ಮೂವತ್ತು ವರ್ಷದಲ್ಲಿ ಭಾವ ಅಂಥ ಮೈ ಕಂಡದ್ದು ಇದೇ ಮೊದಲು.

ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ಭಾವನೇ ಹೇಳ್ತಾರೆ, ಹೊಟ್ಟೆ ಹಸಿದ ಹಾಗೆ ಆಸೆ ಹುಟ್ಟಿತಂತೆ.

ಅರ್ಧಕ್ಕೆ ನಿಂತ ಗಾಡಿಗೆ ಬೆಲೆ ಕಟ್ಟೋ ಲೆಕ್ಕ ಸುಲಭ. ಮುಗಿದ ಮೇಲೆ ಎಷ್ಟಕ್ಕೆ ಹೋಗುತ್ತೆ ಅಂತ ನೋಡು. ಉಳಿದ ಕೆಲಸಕ್ಕೆ ಎಷ್ಟಾಗುತ್ತೋ ಕಳಿ. ಕಣ್ಣಿಗೆ ಕಾಣದ ತೊಂದರೆಗೆ ಅಂತ ಇನ್ನಷ್ಟು ಕಳಿ. ಉಳಿದದ್ದು ಬೆಲೆ. ಸತ್ತವರು ಹನ್ನೊಂದು ವರ್ಷ ಬೆವರು ಸುರಿಸಿದ್ದಕ್ಕೆ ಆ ಲೆಕ್ಕದಲ್ಲಿ ಜಾಗ ಇಲ್ಲ. ಈ ಗಾಡಿ ಮುಗಿದರೆ ಒಂಬತ್ತು ಲಕ್ಷ. ಇಂಜಿನ್, ವೈರಿಂಗ್, ಸೀಟು, ಬಣ್ಣ ಎಲ್ಲಾ ಸೇರಿ ಮೂರೂವರೆ. ಕಾಣದ ತೊಂದರೆಗೆ ಐವತ್ತು ಸಾವಿರ. ಅಲ್ಲಿಗೆ ಐದು ಲಕ್ಷ. ಭಾವನ ತಲೆಯಲ್ಲಿ ಐದು ಅನ್ನೋದು ಆಗಲೇ ಬಂದು ಕೂತಿತ್ತು. ಅವರ ಹತ್ತಿರ ಕೂಡಿಟ್ಟದ್ದು ಇದ್ದದ್ದೇ ಎರಡು ಲಕ್ಷ.

ಕೈ ಜೇಬಿಗೆ ಹೋಯಿತು. ಸೀಮೆಸುಣ್ಣ ತೆಗೆಯಿತು. ಟಣ್ ಅಂದ ತಗಡಿನ ಮೇಲೆ ಭಾವ ಒಂದು ಸೊನ್ನೆ ಬರೆದರು. ಆಮೇಲೆ ಇನ್ನೊಂದು. ಹೀಗೆ ಏಳು. ಬಾನೆಟ್ಟಿನ ತನಕ ಹೋಗಲಿಲ್ಲ, ಅಷ್ಟು ಸಾಕಿತ್ತು.

"ಮೈ ತುಂಬಾ ಪುಟ್ಟಿ ಇದೆ ಅಮ್ಮಾ," ಅಂದರು. "ಎಲ್ಲಾ ಕಿತ್ತು ಟಿಂಕರಿಂಗ್ ಮಾಡಿಸಬೇಕು. ಒಂದು ಲಕ್ಷದ ಎಂಬತ್ತು ಸಾವಿರ ಬಾಳಬಹುದು. ನೋಡೋಣ, ನನಗೆ ಗೊತ್ತಿರೋ ಪಾರ್ಟಿ ಒಬ್ಬರಿದಾರೆ, ಮೂರು ದಿನ ಬಿಟ್ಟು ಅಡ್ವಾನ್ಸ್ ತರ್ತೀನಿ."

ಮಾಸ್ತರ ಹೆಂಡತಿ ಬೆಲೆಯ ಬಗ್ಗೆ ಚಕಾರ ಎತ್ತಲಿಲ್ಲ. ಸೊನ್ನೆಗಳನ್ನು ನೋಡುತ್ತಾ ನಿಂತಿದ್ದರು.

"ಪುಟ್ಟಿನಾ?" ಅಂದರು.

"ಹೌದಮ್ಮಾ."

"ಪುಟ್ಟಿ ಡಬ್ಬ ಈ ಬಾಗಿಲು ದಾಟಿಲ್ಲ ಅಂತಿದ್ರು ನಮ್ಮನೆಯವರು. ಹನ್ನೊಂದು ವರ್ಷವೂ ಅದನ್ನೇ ಹೇಳಿದ್ರು..." ಒಂದು ಸೊನ್ನೆಯನ್ನು ಬೆರಳಿನಿಂದ ಮುಟ್ಟಿ, "ನನ್ನ ಹತ್ರಾನೂ ಸುಳ್ಳು ಹೇಳ್ತಿದ್ರು ಅನ್ನಿ. ನಿಮ್ಮ ಕಿವಿಗಿಂತ ಹೆಚ್ಚಿನ ಸಾಕ್ಷಿ ಇನ್ಯಾರು ಹೇಳ್ತಾರೆ," ಅಂದರು.

ಭಾವ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡರು. ಅಲ್ಲಿಂದ ಹೊರಟು, ಸುಮ್ಮನೆ ಅಲ್ಲಿ ಇಲ್ಲಿ ಅಲೆದು, ಹೊತ್ತು ಮಾಡಿಕೊಂಡು ಬರುವಾಗಲೇ ಬಾವಿಯ ಹತ್ತಿರ ಆ ಸದ್ದು ಆದದ್ದು.

ಈಗ ಮನೆಗೆ ಬನ್ನಿ.

ಆ ರಾತ್ರಿ ಭಾವ ಊಟ ಮಾಡಲಿಲ್ಲ. ಹೊಟ್ಟೆ ಸರಿ ಇಲ್ಲ ಅಂತ ಮಲಗಿದರು. ಅಕ್ಕ ದೀಪ ಆರಿಸಿದಳು. ಹನ್ನೆರಡಾಯಿತು, ಒಂದಾಯಿತು. ಭಾವನಿಗೆ ನಿದ್ದೆ ಹತ್ತಿರ ಸುಳಿಯಲಿಲ್ಲ.

ಟೊಕ್.

ಮುಂಬಾಗಿಲು. ಮರದ ಸದ್ದು.

ಯಾರೋ ಬಂದರು ಅಂತ ಅಕ್ಕ ಎದ್ದು ಕೂತಳು. ಆದರೆ ಬಾಗಿಲು ತಟ್ಟೋರು ಒಂದೇ ಸಲ ತಟ್ಟಿ ಸುಮ್ಮನಾಗ್ತಾರಾ? ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ...

ಕಿಣ್.

ಕಿಟಕಿಯ ಸರಳು.

"ಯಾರದು?" ಅಂತ ಅಕ್ಕ ಪಿಸುಗುಟ್ಟಿದಳು.

"ಮಾತಾಡಬೇಡ."

"ಕಳ್ಳನಾ?"

"ಕಳ್ಳ ತಟ್ಟಿ ಬರ್ತಾನಾ?"

ಡೊಂಮ್. ಮನೆ ಪಕ್ಕದ ನೀರಿನ ಡ್ರಮ್ಮು. ಅರ್ಧ ತುಂಬಿತ್ತು, ಸದ್ದಿನಲ್ಲೇ ಗೊತ್ತಾಯಿತು. ಆಮೇಲೆ ಹಿತ್ತಲ ಬಾಗಿಲಿನ ತಗಡು, ಝಣ್. ಬಚ್ಚಲಿನ ಪೈಪು, ಟಿಂಗ್. ಒಂದು ಬಡಿತ, ಆಮೇಲೆ ಸದ್ದು ಪೂರ್ತಿ ಸಾಯೋವರೆಗೆ ಕಾಯೋದು, ಆಮೇಲೆ ಮುಂದಿನದು. ನಡುವೆ ಹೆಜ್ಜೆ ಸಪ್ಪಳ ಇಲ್ಲವೇ ಇಲ್ಲ. ಮನೆಯ ಸುತ್ತ ಒಂದು ಸುತ್ತು ಬಂದು ಮುಂಬಾಗಿಲಿಗೆ ಬಂತು. ಅಲ್ಲಿ ನಿಂತಿತು.

ಅಕ್ಕ ಭಾವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ನಿಮ್ಮ ಥರಾನೇ ತಟ್ತಿದಾರೆ ಕಣ್ರೀ."

ಭಾವನಿಗೆ ಅದು ಮೊದಲ ಬಡಿತದಲ್ಲೇ ಗೊತ್ತಾಗಿತ್ತು.

ಬೆಳಿಗ್ಗೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಹಗಲಿನಲ್ಲಿ ಮನುಷ್ಯನಿಗೆ ಧೈರ್ಯ ಜಾಸ್ತಿ. ಭಾವ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿಕೊಂಡು ಬಂದರು. ಅಂದರೆ ನೋಡಿ, ಆಸೆ ಇನ್ನೂ ಬಿಟ್ಟಿರಲಿಲ್ಲ. ಸಂಜೆ ಬಾಗಿಲಿಗೆ ಅಗುಳಿ ಹಾಕಿ, ಚಿಲಕ ಹಾಕಿ, ಅದಕ್ಕೆ ಅಡ್ಡವಾಗಿ ಹೊಲಿಗೆ ಮೆಷಿನ್ ಎಳೆದು ಇಟ್ಟರು.

ಎರಡನೇ ರಾತ್ರಿ ಸದ್ದು ಹೊರಗೆ ಬರಲೇ ಇಲ್ಲ.

ಒಳಗೆ ಬಂತು.

ಮೊದಲು ಹೊಲಿಗೆ ಮೆಷಿನ್ನಿನ ಮೇಲೆ, ಟಕ್. ಆಮೇಲೆ ಅಡುಗೆಮನೆ. ಡಬ್ಬಗಳ ಸಾಲು. ಒಂದೊಂದಕ್ಕೆ ಒಂದೊಂದು ಬಡಿತ, ತುಂಬಿದ್ದು ಒಂಥರ, ಬರಿದಾದದ್ದು ಒಂಥರ. ಬರಿದಾದದ್ದಕ್ಕೆ ಮೂರು ಸಲ. ಆಮೇಲೆ ಇವರ ಕೋಣೆಯ ಬಾಗಿಲು. ಆಮೇಲೆ ಕಬ್ಬಿಣದ ಬೀರು, ಡಣ್ಣ್... ಆ ಬಾಲ ಎಷ್ಟು ಹೊತ್ತು ಎಳೆಯಿತೋ ಅಷ್ಟೂ ಹೊತ್ತು ಕಾಯಿತು. ಆಮೇಲೆ ಮಂಚದ ಕಾಲು. ತಲೆ ಕಡೆಯ ಎಡಗಾಲು. ಕಾಲ ಕಡೆಯ ಎಡಗಾಲು. ಕಾಲ ಕಡೆಯ ಬಲಗಾಲು. ತಲೆ ಕಡೆಯ ಬಲಗಾಲು.

ಆಮೇಲೆ ಏನೂ ಇಲ್ಲ.

ಅಕ್ಕ ಭಾವನ ಕೈ ಹಿಡಿದುಕೊಂಡಿದ್ದಳು. ಹೋಯಿತು ಅಂದುಕೊಂಡಳು. ಹಾಗಂತ ಹೇಳೋಕೆ ಬಾಯಿ ತೆಗೆದಳು. ಆಗ ಕೇಳಿಸಿತು. ಅವಳ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ.

ಟಕ್.

ಭಾವನ ಹಣೆ.

ಭಾವನಿಗೆ ಕೂಗಬೇಕು ಅನ್ನಿಸಿತು. ನಾಲಿಗೆ ಹೊರಳಲಿಲ್ಲ. ಗೆಣ್ಣು ತಣ್ಣಗಿತ್ತು ಅಂತಾರೆ. ಕಬ್ಬಿಣ ಹಿಡಿದು ಹಿಡಿದು ಒರಟಾದ ಚರ್ಮ. ಹಣೆ ಆಯಿತು. ಹೆಗಲ ಮೂಳೆ ಆಯಿತು. ಬಲಗಡೆ ಪಕ್ಕೆಲುಬು, ಒಂದೊಂದೇ. ಅವಸರ ಇಲ್ಲ. ಆಮೇಲೆ ಎಡಗಡೆ ಎದೆ.

ದಬ್.

ನಿಂತಿತು. ಅನುಮಾನ ಬಂದವರು ಹೇಗೆ ನಿಲ್ಲುತ್ತಾರೋ ಹಾಗೆ.

ದಬ್... ದಬ್... ದಬ್.

ಅಕ್ಕನಿಗೂ ಕೇಳಿಸಿತು. ಮನುಷ್ಯರ ಎದೆಯಿಂದ ಅಂಥ ಸದ್ದು ಬರಬಾರದು ಅಂತಾಳೆ ಅವಳು. ಒದ್ದೆ ಮಣ್ಣಿನ ಮೂಟೆ ಬಡಿದ ಹಾಗಿತ್ತಂತೆ. ಆಮೇಲೆ ಒಣಗಿದ್ದು ಏನನ್ನೋ ಚರ್ಮದ ಮೇಲೆ ಎಳೆದ ಸದ್ದು, ಸ್ರ್‌ರ್‌ರ್... ನಿಧಾನಕ್ಕೆ, ದುಂಡಗೆ.

ಅಕ್ಕ ಎದ್ದು ಸ್ವಿಚ್ ಹುಡುಕಿ ದೀಪ ಹಾಕಿದಳು. ಕೋಣೆಯಲ್ಲಿ ಇಬ್ಬರೇ. ಹೊಲಿಗೆ ಮೆಷಿನ್ ಇಟ್ಟ ಜಾಗದಲ್ಲೇ ಇತ್ತು. ಅಗುಳಿ, ಚಿಲಕ ಎಲ್ಲಾ ಹಾಕಿದ ಹಾಗೇ ಇತ್ತು. ಭಾವ ಮೇಲೆ ನೋಡುತ್ತಾ ಬಿದ್ದಿದ್ದರು, ಬೆವರು ಸೋರುತ್ತಿತ್ತು. ಅಕ್ಕ ಅವರ ಬನಿಯನ್ ಎತ್ತಿದಳು.

ಎಡಗಡೆ ಎದೆಯ ಮೇಲೆ, ಲೋಟದ ಬಾಯಿಯಷ್ಟು ಅಗಲ, ಬೆಳ್ಳಗೆ ಒಂದು ಸೊನ್ನೆ.

"ನೀವೇ ನಿದ್ದೆಗಣ್ಣಲ್ಲಿ ಬರ್ಕೊಂಡೆ ಅಂತ ಹೇಳಿಬಿಡಿ," ಅಂದಳು ಅಕ್ಕ. "ನಂಬ್ತೀನಿ. ದೇವರಾಣೆಗೂ ನಂಬ್ತೀನಿ."

"ಸೀಮೆಸುಣ್ಣ ಅಂಗಿ ಜೇಬಲ್ಲಿದೆ," ಅಂದರು ಭಾವ. "ಅಂಗಿ ಹೊರಗಡೆ ಕೋಣೇಲಿದೆ."

ಅಕ್ಕ ಮಂಚದ ತುದಿಯಲ್ಲಿ ಕೂತಳು. "ಏನು ಮಾಡಿ ಬಂದ್ರಿ ಆ ಮನೇಲಿ?"

ಭಾವ ಹೇಳಿದರು. ಏಳು ಸೊನ್ನೆ, ಒಂದು ಲಕ್ಷದ ಎಂಬತ್ತು, ಪಾರ್ಟಿ ಅಂದರೆ ತಾನೇ, ಎಲ್ಲ. ಕೊನೆಗೆ ಮಾಸ್ತರ ಹೆಂಡತಿ ಅಂದ ಮಾತನ್ನೂ ಹೇಳಿದರು.

ನಮ್ಮಕ್ಕ ಹೆದರುಪುಕ್ಕಲಿ. ಜಿರಲೆ ಕಂಡರೆ ಸ್ಟೂಲು ಹತ್ತೋಳು. ಆದರೆ ಅದನ್ನು ಕೇಳಿದ ಮೇಲೆ ಅವಳಿಗೆ ಹೆದರಿಕೆ ಹೋಗಿ ಸಿಟ್ಟು ಬಂತು. ನನಗೆ ಅವಳ ಮೇಲೆ ಇವತ್ತಿಗೂ ಹೆಮ್ಮೆ ಇದ್ದರೆ ಅದು ಅವಳು ಆಗ ಆಡಿದ ಮಾತಿಗೆ.

"ಗಾಡಿ ಮೇಲೆ ಆಸೆ ಬಿದ್ದದ್ದು ಹಾಳಾಗಿ ಹೋಗಲಿ," ಅಂದಳು. "ಸತ್ತ ಗಂಡನ ಮೇಲೆ ಆಕೆಗೆ ಅನುಮಾನ ತಂದಿಟ್ರಲ್ಲ. ಅದನ್ನ ಯಾವ ಲೆಕ್ಕದಲ್ಲಿ ಕಳೀತೀರಿ? ಏಳಿ. ಚಪ್ಪಲಿ ಹಾಕ್ಕೊಳಿ."

"ಈಗಲೇ? ಇನ್ನೂ ನಾಲ್ಕು ಗಂಟೆ ಕಣೇ..."

"ಆತ ಹೊತ್ತು ನೋಡ್ಕೊಂಡು ಬಂದ್ನಾ?"

ಇಬ್ಬರೂ ಹೊರಟರು. ಓಣಿಯಲ್ಲಿ ಅಕ್ಕ ಮುಂದೆ, ಭಾವ ಹಿಂದೆ. ಬಾವಿಯ ಹತ್ತಿರ ಅಕ್ಕ ಭಾವನ ಕೈ ಹಿಡಿದು ಎಳೆದುಕೊಂಡು ಹೋದಳು. ಅಲ್ಲಿ ಯಾವ ಸದ್ದೂ ಆಗಲಿಲ್ಲ.

ಶೆಡ್ಡಿನಲ್ಲಿ ದೀಪ ಉರಿಯುತ್ತಿತ್ತು. ಒಳಗಿನಿಂದ ಕರ್... ಕರ್... ಅಂತ ಕೆರೆಯೋ ಸದ್ದು. ಭಾವನ ಕಾಲು ಅಲ್ಲೇ ನಿಂತಿತು. ಅಕ್ಕ ಬಾಗಿಲು ತಳ್ಳಿದಳು.

ಮಾಸ್ತರ ಹೆಂಡತಿ ಆ ಮರದ ಸ್ಟೂಲನ್ನು ಹೊರಗೆ ತಂದು, ಹಿಂದಿನ ಮಡ್‌ಗಾರ್ಡಿನ ಮುಂದೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ತರಕಾರಿ ಹೆಚ್ಚೋ ಚಾಕು. ಒಂದು ಸೊನ್ನೆಯ ಒಳಗೆ ಬೂದು ಬಣ್ಣವನ್ನು ಕೆರೆಯುತ್ತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ, ಬೆರಳೆಲ್ಲ ಬೂದಿ ಬಣ್ಣ. ಹೊತ್ತಲ್ಲದ ಹೊತ್ತಲ್ಲಿ ಇಬ್ಬರು ಬಂದು ನಿಂತದ್ದಕ್ಕೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಎರಡು ರಾತ್ರಿ ಆಯ್ತು ಅಣ್ಣ, ಮಲಗಿದ್ರೆ ಇದೇ ಯೋಚನೆ," ಅಂದರು. "ಪುಟ್ಟಿ ಎಲ್ಲಿದೆ ಅಂತ ಒಂದ್ಸಲ ಕಣ್ಣಾರೆ ನೋಡಿಬಿಡೋಣ ಅಂತ. ನನಗೆ ತಗಡೇ ಕಾಣ್ತಿದೆ. ನನಗೆ ಗೊತ್ತಾಗ್ತಿಲ್ಲ ಅನ್ಸುತ್ತೆ. ನೀವೇ ತೋರಿಸಿ."

ಭಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನಿಮಗೆ ಕಾಣ್ತಿರೋದು ಸರಿ ಅಮ್ಮಾ," ಅಂದರು. "ಪುಟ್ಟಿ ಇಲ್ಲ. ಎಲ್ಲೂ ಇಲ್ಲ. ಮಾಸ್ತರು ನಿಮಗೆ ಸುಳ್ಳು ಹೇಳಿಲ್ಲ. ಹೇಳಿದವನು ನಾನು. ಈ ಗಾಡಿ ನನಗೆ ಬೇಕು ಅನ್ನಿಸ್ತು, ಅದಕ್ಕೆ. ನ್ಯಾಯದ ಬೆಲೆ ಐದು ಲಕ್ಷ."

ಐದು ಅನ್ನೋದು ಆಕೆಗೆ ಕೇಳಿಸಿತೋ ಇಲ್ಲವೋ. ಚಾಕು ಕೆಳಗಿಟ್ಟರು. ಬೆರಳುಗಳನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಅಂತಾರೆ ಭಾವ, ಎರಡು ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು.

"ನಿಮ್ಮ ಮಾತು ನಂಬಿ ಒಂದ್ಸಲ ಕೆಟ್ಟೆ," ಅಂದರು ಕೊನೆಗೆ. "ನನಗೆ ಕೇಳೋದು ಹೇಳಿಕೊಡಿ. ನಾನೇ ಕೇಳ್ತೀನಿ."

ಮೂಲೆಯಲ್ಲಿ ಮಾಸ್ತರು ಬೇಡ ಅಂತ ಎಸೆದ ಒಂದು ಹಳೇ ಬಾಗಿಲು ಬಿದ್ದಿತ್ತು, ಗುಜರಿಯಿಂದ ಬಂದದ್ದು. ಭಾವ ಅದನ್ನು ತಟ್ಟಿದರು. ದಬ್. "ಇದು ಪುಟ್ಟಿ." ಆಮೇಲೆ ಗಾಡಿಯ ಮಡ್‌ಗಾರ್ಡ್ ತಟ್ಟಿದರು. ಟಣ್ಣ್ಣ್... "ಇದು ನಿಮ್ಮ ಮನೆಯವರು."

ಮಾಸ್ತರ ಹೆಂಡತಿ ನಡುಬೆರಳು ಮಡಚಿದರು. ಮೊದಲ ಸಲ ಮೆಲ್ಲಗೆ ತಟ್ಟಿದ್ದಕ್ಕೆ ಸದ್ದೇ ಬರಲಿಲ್ಲ. ಎರಡನೇ ಸಲ ಬಂತು. ತಲೆ ಓರೆ ಮಾಡಿ ಕೇಳಿದರು. ಆ ಸೊನ್ನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮುಂದಿನದಕ್ಕೆ ಹೋದರು. ತಟ್ಟಿದರು, ಕೇಳಿದರು, ಒರೆಸಿದರು. ಮಂಡಿ ನೋವಿಗೆ ಗಾಡಿ ಹಿಡಿದು ಹಿಡಿದು ನಡೆಯುತ್ತಿದ್ದರು. ನಾಲ್ಕನೇ ಸೊನ್ನೆಗೆ ಕಣ್ಣಲ್ಲಿ ನೀರು ಬಂತು. ಏಳನೆಯದಕ್ಕೆ ನಗು ಬಂತು. ನಕ್ಕಿದ್ದು ಜೋರಾಗಿಯೇ. ಅಕ್ಕನೂ ಅಳುತ್ತಿದ್ದಳು, ಯಾಕೆ ಅಂತ ಅವಳಿಗೇ ಗೊತ್ತಿಲ್ಲ.

ಏಳೂ ಮುಗಿದರೂ ಅವರಿಗೆ ಸಾಕಾಗಲಿಲ್ಲ. ಗೋಡೆಯ ಹತ್ತಿರ ಹೋದರು. ಅಲ್ಲಿ ಬಾನೆಟ್ ನೇತುಹಾಕಿದ್ದರಲ್ಲ, ಅದನ್ನೂ ತಟ್ಟಿದರು.

ಟಣ್ಣ್.

ಬಾಲ ಎಳೆಯಿತು. ಸತ್ತಿತು.

ಆಮೇಲೆ ಬಾನೆಟ್ಟಿನ ಒಳಗಿನಿಂದ...

ಟಣ್... ಟಣ್... ಟಣ್.

ಭಾವ ಅಕ್ಕನ ತೋಳು ಹಿಡಿದುಕೊಂಡರು. ಮಾಸ್ತರ ಹೆಂಡತಿ ಮಾತ್ರ ಬೆಚ್ಚಲಿಲ್ಲ. ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟು ಹಾಗೇ ನಿಂತರು. ಆಮೇಲೆ, ಕೆಲಸ ಬಿಡದೆ ಹೊತ್ತು ಮಾಡೋ ಗಂಡನಿಗೆ ಹೆಂಡತಿ ದಿನಾ ಹೇಳೋ ಧ್ವನಿಯಲ್ಲಿ ಹೇಳಿದರು:

"ಆಯ್ತು ರೀ. ಕೇಳಿಸ್ತು. ಸಾಕು ಇನ್ನು... ಒಳಗೆ ಬಂದು ಮಲಕ್ಕೊಳ್ಳಿ."

ದೀಪ ಆರಿಸಿದರು. ಮನೆಗೂ ಶೆಡ್ಡಿಗೂ ನಡುವೆ ಒಂದು ಬಾಗಿಲಿತ್ತು. ಅದನ್ನು ಮುಚ್ಚಲಿಲ್ಲ. ಸ್ವಲ್ಪ ತೆರೆದೇ ಇಟ್ಟು ಒಳಗೆ ಹೋದರು. ಅಕ್ಕ ಭಾವ ಇಬ್ಬರೂ ಕತ್ತಲಲ್ಲಿ ನಿಂತಿದ್ದರು. ಅವರ ಪಕ್ಕದಿಂದ ಯಾರಾದರೂ ಹಾದುಹೋದ ಹಾಗಾಯಿತಾ ಅಂತ ನಾನು ಅಕ್ಕನನ್ನು ಎಷ್ಟೋ ಸಲ ಕೇಳಿದೀನಿ. ಅದೊಂದಕ್ಕೆ ಮಾತ್ರ ಅವಳು ಉತ್ತರ ಕೊಡಲ್ಲ.

ಗಾಡಿ ಐದಕ್ಕೇ ಹೋಯಿತು. ಬೇರೆ ಊರಿನ ಹಲ್ಲಿನ ಡಾಕ್ಟರು ಕೊಂಡರು. ಅವರ ಮುಂದೆ ಗಾಡಿ ತಟ್ಟಿ ತೋರಿಸಿದ್ದು ಭಾವ ಅಲ್ಲ, ಮಾಸ್ತರ ಹೆಂಡತಿ. ಡಾಕ್ಟರು ನಾಲ್ಕೂವರೆ ಅಂದರು. ಆಕೆ ಇನ್ನೊಂದು ಸಲ ತಟ್ಟಿದರು, ಅಷ್ಟೇ. ಕೋಣೆ ಸಿಕ್ಕಿತು. ಭಾವನ ಎದೆಯ ಸೊನ್ನೆ ಸೋಪಿಗೆ ಹೋಯಿತು, ಬರೀ ಸೀಮೆಸುಣ್ಣ ತಾನೇ. ಆಮೇಲೆ ಯಾವ ರಾತ್ರಿಯೂ ಯಾರೂ ತಟ್ಟಲಿಲ್ಲ. ಭಾವ ಕೆಲಸ ಬಿಟ್ಟಿಲ್ಲ. ಆದರೆ ಯಾರದೇ ಗಾಡಿ ತಟ್ಟಿದರೂ ಬೆಲೆ ಹೇಳೋ ಮೊದಲು ಎಡಗೈ ಎದೆಯ ಮೇಲೆ ಹೋಗುತ್ತೆ.

ಇಷ್ಟು ಕೇಳಿದವರು, ನಿಮ್ಮ ಹಾಗೇ, ಇಲಿ ಇದ್ದಿರಬೇಕು, ಶೆಡ್ಡಿನ ಹಿಂದೆ ಯಾರೋ ನಿಂತು ತಟ್ಟಿರಬೇಕು ಅಂತಾರೆ. ಗಾಡಿಯನ್ನು ಲಾರಿಗೆ ಹೇರೋ ದಿನ ನಾನೂ ಕೈ ಹಚ್ಚೋಕೆ ಹೋಗಿದ್ದೆ. ಬಾನೆಟ್ ಇಳಿಸಿದ್ದು ನಾನು ಮತ್ತು ಲಾರಿ ಡ್ರೈವರ್. ಅದರ ಅಂಚು ನಾಲ್ಕೂ ಕಡೆ ಗೋಡೆಗೆ ಅಂಟಿಕೊಂಡಿತ್ತು, ಬೆರಳು ತೂರೋ ಸಂದೂ ಇರಲಿಲ್ಲ. ಇಳಿಸಿದ ಮೇಲೆ ನೋಡಿದರೆ ಹಿಂದೆ ಗೋಡೆಯಿಂದ ಬಾನೆಟ್ಟಿಗೆ ಜೇಡ ಬಲೆ ಕಟ್ಟಿತ್ತು. ದಟ್ಟವಾದ ಹಳೇ ಬಲೆ, ಎಂಟು ತಿಂಗಳ ಧೂಳು ಕೂತದ್ದು. ನಾವು ಇಳಿಸುವಾಗ ಅಂಚಿನಲ್ಲಿ ಕಿತ್ತುಬಂತು ಅಷ್ಟೇ. ನಡುವೆ ಒಂದೇ ಒಂದು ಎಳೆ ಹರಿದಿರಲಿಲ್ಲ. ನನ್ನ ಎರಡು ಕಣ್ಣಿಂದ ನೋಡಿದ್ದು. ಅದು ನನ್ನ ತೋಳಿಗೆ ಸುತ್ತಿಕೊಂಡು, ಮನೆಗೆ ಬಂದು ಎರಡು ಸಲ ತೊಳೆದರೂ ಸಂಜೆವರೆಗೆ ಜಿಗುಟು ಬಿಡಲಿಲ್ಲ.